ಕೊಂಬಿನೊಳಗಿಂದ ಇಣುಕೋ ಐದು ಮಕ್ಕಳು

ಪ್ರಶ್ನೆ: ಸರ್, ಫ್ರಾನ್ಸ್ ಯುವರಾಜ ಹುಟ್ಟಿದ್ದರ ಬಗ್ಗೆ ಚಿತ್ರಕಾರ ರೂಬೆನ್ಸ್ ಮಾಡಿದ ಆಯಿಲ್ ಸ್ಕೆಚ್‌ನ ಫೋಟೋ ನೋಡ್ದೆ. ಬ್ರಷ್ ಎಳೆದದ್ದೆಲ್ಲ ಹಂಗೇ ಕಾಣುತ್ತೆ, ಅರ್ಧಕ್ಕೆ ಬಿಟ್ಟಂಗಿದೆ. ಎಳೇ ಮಗು ಹತ್ರ ಹಾವು, ಹೂವಿನ ಮಧ್ಯೆ ಮಕ್ಕಳ ತಲೆ ಬೇರೆ! ಏನ್ ಸರ್ ಇದು?

ಉತ್ತರ: ಅರ್ಧಕ್ಕೆ ಬಿಟ್ಟಿದ್ದಲ್ಲ, ಅದು ಇರೋದೇ ಅಷ್ಟು. ಆ ಯುವರಾಜನ ತಾಯಿ, ರಾಜಮಾತೆ ಮರಿ ದ ಮೆಡಿಚಿ 1622ರಲ್ಲಿ ಪ್ಯಾರಿಸ್‌ನ ಲಕ್ಸೆಂಬರ್ಗ್ ಅರಮನೆಗೆ ತನ್ನ ಜೀವನದ ಕಥೆಯನ್ನ 24 ಚಿತ್ರಗಳಲ್ಲಿ ಬರೆದುಕೊಡೋಕೆ ರೂಬೆನ್ಸ್‌ಗೆ ಹೇಳಿದ್ಲು, ಹೆಚ್ಚುಕಮ್ಮಿ 4 ಮೀಟರ್ ಎತ್ತರದ ಕ್ಯಾನ್ವಾಸ್‌ಗಳು, ಅವನ್ನ ಶುರು ಮಾಡೋಕೆ ಮುಂಚೆ ಚಿಕ್ಕ ಮರದ ಹಲಗೆ ಮೇಲೆ ತೆಳ್ಳಗೆ ಬಣ್ಣ ಹಚ್ಚಿ ಯಾರು ಎಲ್ಲಿ ಕೂರಬೇಕು, ಬೆಳಕು ಎಲ್ಲಿಂದ ಬರಬೇಕು ಅಂತ ನೋಡಿಕೊಳ್ತಿದ್ದ. ದೊಡ್ಡವು ಈಗ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿವೆ, ಈ ಸರಣಿಯ ಸ್ಕೆಚ್‌ಗಳು ಬಹುಪಾಲು ಜರ್ಮನಿಯ ಮ್ಯೂನಿಕ್‌ನಲ್ಲಿ. ನನ್ನ ಕೇಳಿದ್ರೆ ಸ್ಕೆಚ್‌ಗಳೇ ಚೆಂದ, ಕೈ ಓಡಿದ ಸ್ಪೀಡ್ ಅದರಲ್ಲಿ ಗೊತ್ತಾಗುತ್ತೆ.

ಹಾವಿಗೆ ಹೆದರಬೇಡಿ. ಮಗೂನ ಎತ್ಕೊಂಡಿರೋದು ಆರೋಗ್ಯದ ದೇವತೆ, ಹಾವು ಅದರ ಗುರುತು. ರಾಣಿ ಕಾಲ ಹತ್ರ ಇರೋ ನಾಯಿ ಅಂದ್ರೆ ನಿಷ್ಠೆ. ಮಜಾ ಇರೋದು ಆ ತಲೆಗಳಲ್ಲಿ: ಸಂತಾನದೇವತೆ ಹಿಡಿದಿರೋ ಸಮೃದ್ಧಿಯ ಕೊಂಬಿನಲ್ಲಿ ಹೂಗಳ ಜೊತೆ ಐದು ಪುಟ್ಟ ಮುಖ ಇಣುಕ್ತಿವೆ, ಎಣಿಸಿ ನೋಡಿ. ರಾಣಿಗೆ ಒಟ್ಟು ಆರು ಮಕ್ಕಳು, ಹುಟ್ಟಿರೋನು ಒಬ್ಬ, ಮಿಕ್ಕ ಐದು ಇನ್ನೂ ಕ್ಯೂನಲ್ಲಿ! ಅದರಲ್ಲಿ ಕೊನೆಯವಳು ಹೆನ್ರಿಯೆಟ್ಟಾ, 1625ರಲ್ಲಿ ಅವಳು ಇಂಗ್ಲೆಂಡ್ ರಾಜನನ್ನ ಮದುವೆಯಾಗೋ ಹೊತ್ತಿಗೇ ಈ ಚಿತ್ರಗಳು ರೆಡಿ ಆಗಿದ್ದು.

ಆದ್ರೆ ಇದೆಲ್ಲ ಬರೀ ಸಂಭ್ರಮ ಅಂದ್ಕೋಬೇಡಿ. ಆ ಮಗು, ಅಂದ್ರೆ 13ನೇ ಲೂಯಿ, 1617ರಲ್ಲಿ ಇದೇ ತಾಯಿಯನ್ನ ಆಸ್ಥಾನದಿಂದ ಬ್ಲ್ವಾ ಕೋಟೆಗೆ ಕಳಿಸಿಬಿಟ್ಟಿದ್ದ, ಆಮೇಲೆ ಹೆಂಗೋ ರಾಜಿ ಆಗಿ ವಾಪಸ್ ಬಂದವಳು ಮಾಡಿಸಿದ್ದು ಇದು. ನಿನ್ನ ಹೆತ್ತು ಈ ಸಿಂಹಾಸನಕ್ಕೆ ವಾರಸುದಾರನ್ನ ಕೊಟ್ಟವಳು ನಾನು ಕಣೋ ಅಂತ ಮಗನಿಗೇ ಗೋಡೆ ತುಂಬಾ ಹೇಳಿದಂಗೆ. ಅದನ್ನ ನೇರವಾಗಿ ಹೇಳೋಕಾಗುತ್ತಾ, ಅದಕ್ಕೇ ದೇವತೆಗಳ ಬಾಯಲ್ಲಿ ಹೇಳಿಸಿದ್ದು. ರೂಬೆನ್ಸ್ ಮಾತ್ರ ರಾಣಿ ಮುಖ ಬರೀವಾಗ ಸುಳ್ಳು ಹೇಳಿಲ್ಲ, ಹೆತ್ತು ಸುಸ್ತಾದವಳ ಮುಖ, ಕಣ್ಣು ಮಗು ಮೇಲೇ.

ಇನ್ನು ಆಕಾಶದಲ್ಲಿ ಸೂರ್ಯದೇವ ರಥ ಏರಿ ಬರ್ತಿದ್ದಾನಲ್ಲ, ಬೆಳಗಾಯ್ತು ಅನ್ನೋ ಹಂಗೆ, ಆದ್ರೆ ನಿಜವಾಗಿ ಮಗು ಹುಟ್ಟಿದ್ದು 1601ರ ಸೆಪ್ಟೆಂಬರ್ 27ರ ರಾತ್ರಿ ಹತ್ತೂವರೆ ದಾಟಿದ ಮೇಲೆ, ಫಾಂಟೆನ್‌ಬ್ಲೋ ಅರಮನೆಯಲ್ಲಿ. ಗಂಡುಮಗು ಅಂತ ಗೊತ್ತಾಗಿದ್ದೇ ತಡ ಖುಷಿಗೆ ಮಗುವಿನ ಅಪ್ಪ, ರಾಜ 4ನೇ ಹೆನ್ರಿ, ಬಾಗಿಲು ತೆಗೆಸಿ ಸುಮಾರು 200 ಜನರನ್ನ ಬಾಣಂತಿ ಕೋಣೆಗೆ ಬಿಟ್ಟನಂತೆ, ಸೂಲಗಿತ್ತಿ ಲೂಯಿಸ್ ಬೂರ್ಜ್ವಾ ತಾನೇ ಬರೆದಿಟ್ಟಿದ್ದಾಳೆ. ಅವಳು ರೇಗಿದ್ದಕ್ಕೆ, ಈ ಮಗು ಎಲ್ಲರದ್ದೂ ಕಣಮ್ಮ ಅಂತ ಸಮಾಧಾನ ಮಾಡಿದನಂತೆ. ಸ್ಕೆಚ್‌ನಲ್ಲಿ ಆ 200 ಜನಾನೂ ಇಲ್ಲ, ಸೂಲಗಿತ್ತಿನೂ ಇಲ್ಲ.