ಮದ್ರಸವೋ ಶಾಲೆಯೋ ಎಂದು ಕೇಳಿದಿರಲ್ಲ

ಭಾಯಿ, ರಾಯಚೂರಿನಿಂದ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಮಂಜೇಶ್ವರಕ್ಕೆ ವರ್ಗವಾಗಿ ಬರುತ್ತಿದ್ದೀರಿ, ಮಗನನ್ನು ಮದ್ರಸಕ್ಕೆ ಹಾಕಿದರೆ ಶಾಲೆ ತಪ್ಪುತ್ತದೆಯೇ ಎಂಬ ಚಿಂತೆ ನಿಮಗೆ. ತಪ್ಪುವುದಿಲ್ಲ. ನಮ್ಮಲ್ಲಿ ಎರಡರಲ್ಲಿ ಒಂದನ್ನು ಆರಿಸುವ ಮಾತೇ ಇಲ್ಲ. ಬೆಳಗ್ಗೆ ಏಳಕ್ಕೆ ಮಕ್ಕಳು ಕಿತಾಬು ಹಿಡಿದು ಮದ್ರಸಕ್ಕೆ ಹೋಗುತ್ತಾರೆ, ಒಂಬತ್ತರ ಹೊತ್ತಿಗೆ ಮನೆಗೆ ಬಂದು ತಿಂಡಿ ತಿಂದು, ಬಟ್ಟೆ ಬದಲಿಸಿ ಹತ್ತು ಗಂಟೆಯ ಶಾಲೆಗೆ ಓಡುತ್ತಾರೆ. ಹುಡುಗಿಯರೂ ಹಾಗೆಯೇ. ಜೂನ್ ತಿಂಗಳ ಮಳೆಯಲ್ಲಿ ಏಳು ಗಂಟೆಗೆ ಗದ್ದೆ ಬದುವಿನ ಮೇಲೆ ಸಾಲಾಗಿ ಹೋಗುವ ಕೊಡೆಗಳನ್ನು ನೀವೇ ನೋಡುವಿರಿ.

ಈ ಏರ್ಪಾಡಿಗೆ ಒಂದು ಕಾರಣವಿದೆ. ಸರ್ಕಾರದ ಹಣದಲ್ಲೇ ನಡೆಯುವ ಶಾಲೆಯಲ್ಲಿ ಧರ್ಮಬೋಧೆ ಕೂಡದು ಎನ್ನುತ್ತದೆ ಸಂವಿಧಾನದ 28ನೇ ವಿಧಿ. ಹಾಗಾದರೆ ದೀನಿನ, ಅಂದರೆ ಧರ್ಮದ ಪಾಠ ಎಲ್ಲಿ? ಊರೂರಿನ ಜಮಾಅತ್‌ಗಳೇ, ಅಂದರೆ ಮಸೀದಿಯ ಕೂಟಗಳೇ, ಆ ಹೊಣೆ ಹೊತ್ತವು. 1951ರಲ್ಲಿ ಕೇರಳದ ಸುನ್ನಿ ವಿದ್ವಾಂಸರ ಸಂಘಟನೆ ಸಮಸ್ತದ ವಿದ್ಯಾಭ್ಯಾಸ ಬೋರ್ಡ್ ಹುಟ್ಟಿದ ಮೇಲೆ ಒಂದೇ ಪಠ್ಯ, ಒಂದೇ ಪರೀಕ್ಷೆ ಬಂತು. ಐದು, ಏಳು, ಹತ್ತನೇ ತರಗತಿಗೆ ಪಬ್ಲಿಕ್ ಪರೀಕ್ಷೆಯೂ ಇದೆ. ಮದ್ರಸದಲ್ಲಿ ಕಲಿಸುವ ಉಸ್ತಾದರ ಸಂಬಳ ಸರ್ಕಾರದ್ದೆಂದು ಹೊರಗಿನವರು ಹೇಳುವುದುಂಟು, ಅದು ಸುಳ್ಳು. ಮನೆಮನೆಯ ತಿಂಗಳ ವರಿಯಿಂದ, ಅಂದರೆ ವಂತಿಗೆಯಿಂದ, ಮದ್ರಸ ನಡೆಯುತ್ತದೆ. ಉಸ್ತಾದರ ಊಟವೂ ಸರದಿಯಂತೆ ಮನೆಗಳಿಂದಲೇ. ನಮ್ಮ ಮನೆಯ ಸರದಿ ಬಂದ ದಿನ ನನ್ನ ತಾಯಿ ಮೀನು ಆರಿಸುವಾಗ ಪಡುತ್ತಿದ್ದ ಗಡಿಬಿಡಿ ನನಗಿನ್ನೂ ನೆನಪಿದೆ.

ಆದರೆ ನಿಮ್ಮ ಮಗನಿಗೆ ಕಷ್ಟವಾಗುವುದು ಬೇರೆಡೆ. ಇಲ್ಲಿನ ಮದ್ರಸದ ಕೆಳ ತರಗತಿಗಳ ಕಿತಾಬು ಅರಬಿ-ಮಲಯಾಳಂ, ಅಂದರೆ ಅರಬಿ ಲಿಪಿಯಲ್ಲಿ ಬರೆದ ಮಲಯಾಳಂ. ಉರ್ದು ಬಲ್ಲವನಿಗೆ ಅಕ್ಷರ ಪರಿಚಿತವೆನಿಸುತ್ತದೆ, ಓದಲು ಹೋದರೆ ಮಾತು ಮಲಯಾಳಂ. ನನ್ನ ಮಗಳನ್ನೇ ನೋಡಿ: ಮನೆಯಲ್ಲಿ ಬ್ಯಾರಿ, ಏಳು ಗಂಟೆಗೆ ಬಲದಿಂದ ಎಡಕ್ಕೆ ಅರಬಿ-ಮಲಯಾಳಂ, ಹತ್ತು ಗಂಟೆಗೆ ಎಡದಿಂದ ಬಲಕ್ಕೆ ಕನ್ನಡ, ಅಂಗಡಿಯಲ್ಲಿ ತುಳು. ಒಂದನೇ ತರಗತಿಯಲ್ಲಿ ಕನ್ನಡದ ಲೆಕ್ಕದ ಪುಸ್ತಕವನ್ನೂ ಹಿಂದಿನ ಹಾಳೆಯಿಂದ ಬರೆಯಲು ಶುರುಮಾಡಿದ್ದಳು. ಟೀಚರ್ ಗದರಲಿಲ್ಲ, ಅವರಿಗೆ ಅದು ಹೊಸತಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ಇಲ್ಲಿ ಕನ್ನಡ ಮಾಧ್ಯಮ ಉಳಿದಿದೆ. ಅದರಲ್ಲಿ ಕಲಿಯುವ ಮುಸ್ಲಿಂ ಮಕ್ಕಳೂ ಇದ್ದಾರೆ ಎಂದರೆ ಬೆಂಗಳೂರಿನವರು ನಂಬುವುದಿಲ್ಲ.

ಇನ್ನೊಂದು ವಿಷಯ. ನಾವು ಕರಾವಳಿಯವರು ಶಾಫಿ, ನೀವು ಹನಫಿ, ಸುನ್ನಿಗಳಲ್ಲೇ ಎರಡು ಪಂಥ. ನಮಾಜಿನಲ್ಲಿ ಬಾಗುವ ರುಕೂಗೆ ಹೋಗುವಾಗ ಕೈ ಎತ್ತುವುದು, ಬೆಳಗಿನ ಸುಬಹಿ ನಮಾಜಿನಲ್ಲಿ ಕುನೂತ್ ಎಂಬ ಪ್ರಾರ್ಥನೆ ಓದುವುದು, ಇವನ್ನೆಲ್ಲ ಮದ್ರಸದಲ್ಲಿ ಕಲಿತ ಮಗು ಮನೆಗೆ ಬಂದು ಅಪ್ಪನ ನಮಾಜು ತಪ್ಪೆಂದೀತು. ಎರಡೂ ಸರಿ ಎಂದು ಮೊದಲೇ ತಿಳಿಸಿ ಹೇಳಿ. ಇಲ್ಲೇ ಹತ್ತಿರದ ಉಪ್ಪಳದಲ್ಲಿ ಉರ್ದು ಮಾತಾಡುವ ಹನಫಿಗಳಿದ್ದಾರೆ, ಮನೆ ಅಲ್ಲಿ ಸಿಕ್ಕರೆ ನಿಮಗೆ ಅನುಕೂಲ.

ಶಾಲೆ ಆರಿಸುವಾಗ ಮಾತ್ರ ಜಾಗ್ರತೆ. ಇಂಗ್ಲಿಷ್ ಮೀಡಿಯಂ ಬಸ್ಸು ಏಳೂವರೆಗೇ ಬಂದು ನಿಂತರೆ ಬೆಳಗಿನ ಮದ್ರಸ ಮುಗಿದಂತೆ. ಮಕ್ಕಳ ಕೈಯಿಂದ ಮದ್ರಸವನ್ನು ಹೆಚ್ಚಾಗಿ ಬಿಡಿಸಿದ್ದು ಕಾನೂನಲ್ಲ, ಆ ಬಸ್ಸು. ಸಂಜೆಯ ತರಗತಿ ಕೆಲವೆಡೆ ಇದೆ, ಆದರೆ ಆ ಹೊತ್ತಿಗೆ ಮಗು ದಣಿದಿರುತ್ತದೆ. 2025ರಲ್ಲಿ ಕೇರಳ ಸರ್ಕಾರ ಹೈಸ್ಕೂಲಿಗೆ ಬೆಳಗ್ಗೆ 15, ಸಂಜೆ 15 ನಿಮಿಷ ಸೇರಿಸಿ 9.45ಕ್ಕೆ ಶುರುಮಾಡಿದಾಗ ಸಮಸ್ತ ಎದ್ದು ನಿಂತದ್ದನ್ನು ಕಂಡು ಹಲವರಿಗೆ ಆಶ್ಚರ್ಯವಾಯಿತು. ಕಾಲು ಗಂಟೆಗೆ ಇಷ್ಟೆಲ್ಲ ಏಕೆ ಎಂದರು. ಒಂಬತ್ತಕ್ಕೆ ಮದ್ರಸ ಬಿಟ್ಟು ಎರಡು ಮೈಲಿ ನಡೆಯಬೇಕಾದ ಹುಡುಗಿಗೆ ಆ ಕಾಲು ಗಂಟೆಯೇ ತಿಂಡಿಯ ಹೊತ್ತು. ನನ್ನ ಮಗಳು ಬರುವ ವರ್ಷ ಎಂಟನೇ ತರಗತಿ. ತಿಂಡಿಯನ್ನು ಡಬ್ಬಿಯಲ್ಲಿ ಕಟ್ಟಿಕೊಡುವುದೆಂದು ಅವಳ ತಾಯಿ ಈಗಲೇ ತೀರ್ಮಾನಿಸಿದ್ದಾಳೆ.

ನಿಮ್ಮ ಮಗ ಇನ್ನೂ ಚಿಕ್ಕವನು, ಅವನಿಗೆ ಹಳೆಯ ಸಮಯವೇ. ಮದ್ರಸದ ವರ್ಷ ರಂಜಾನ್ ರಜೆ ಕಳೆದು ಅದರ ಮುಂದಿನ ತಿಂಗಳು ಶವ್ವಾಲಿನಲ್ಲಿ ತೊಡಗುತ್ತದೆ, ಅದಕ್ಕೆ ಮೊದಲು ಬಂದರೆ ನಾನೇ ಉಸ್ತಾದರ ಬಳಿ ಕರೆದುಕೊಂಡು ಹೋಗುತ್ತೇನೆ.