ಮೆದುಳಿನ ಆಳದಲ್ಲಿ ಪೆಟ್ಟಾದರೆ ಮಾತು ಯಾಕೆ ಕೆಡುತ್ತದೆ?

ಭಾಷೆಯ ಕೆಲಸ ನಡೆಯುವುದು ಮೆದುಳಿನ ಹೊರಪದರದಲ್ಲಿ ಎಂದೇ ಎಲ್ಲರೂ ಓದಿರುತ್ತೇವೆ. ಹಾಗಿದ್ದರೆ ಒಳಗೆಲ್ಲೋ ಸ್ಟ್ರೋಕ್ ಆದವರ ಮಾತು ಯಾಕೆ ಕೆಡಬೇಕು? ನ್ಯಾಯವಾದ ಪ್ರಶ್ನೆ.

ಮೆದುಳಿನ ಆಳದಲ್ಲಿದ್ದು ಹೊರಪದರಕ್ಕೆ ಸಂದೇಶ ದಾಟಿಸುವ ಭಾಗವಾದ ಎಡಗಡೆಯ ಥಲಾಮಸ್‌ಗೆ ಪೆಟ್ಟಾದವರ ಮಾತು ಸಾಮಾನ್ಯವಾಗಿ ಪೂರ್ತಿ ನಿಲ್ಲುವುದಿಲ್ಲ. ಪದ ಸಿಗುವುದಿಲ್ಲ, ಅಷ್ಟೇ. ಬಾಚಣಿಗೆ ತೋರಿಸಿದರೆ 'ಬ್ರಷ್' ಅನ್ನಬಹುದು. ದನಿ ಸಣ್ಣದಾಗುತ್ತದೆ. ಈಗ ಸರಿಯಾಗಿ ಮಾತಾಡುತ್ತಿದ್ದವರು ಸ್ವಲ್ಪ ಹೊತ್ತಿಗೆ ಏನೇನೋ ಅನ್ನತೊಡಗುತ್ತಾರೆ. ವಿಚಿತ್ರ ಏನೆಂದರೆ, ನೀವು ಹೇಳಿದ ವಾಕ್ಯವನ್ನು ಮಾತ್ರ ಹಾಗೇ ತಿರುಗಿ ಹೇಳುತ್ತಾರೆ! ಅಂದರೆ ಪದಗಳು ಅಳಿಸಿಹೋಗಿಲ್ಲ, ಬೇಕಾದ್ದನ್ನು ಆರಿಸಿ ತೆಗೆಯುವ ಕೆಲಸ ಹದಗೆಟ್ಟಿದೆ.

ಅದರ ಪಕ್ಕದಲ್ಲಿದ್ದು ಚಲನೆಯನ್ನೂ ರೂಢಿಯ ಕೆಲಸಗಳನ್ನೂ ನೋಡಿಕೊಳ್ಳುವ ಬೇಸಲ್ ಗ್ಯಾಂಗ್ಲಿಯಾಕ್ಕೆ ಪೆಟ್ಟಾದರೆ ಉಚ್ಚಾರ ತೊದಲುವುದು, ದನಿ ಕುಗ್ಗುವುದು ಜಾಸ್ತಿ. ಇಲ್ಲೊಂದು ಮರೆಯಲಾಗದ ಪ್ರಕರಣವಿದೆ. 1990ರ ದಶಕದಲ್ಲಿ ವರದಿಯಾದದ್ದು. ಇಟಲಿಯ ವಯಸ್ಸಾದ ಹೆಂಗಸೊಬ್ಬರು ಬದುಕಿಡೀ ಮನೆಮಾತಾದ ವೆರೋನಾ ಕಡೆಯ ಆಡುಮಾತನ್ನೇ ಆಡಿದವರು. ಇಟಾಲಿಯನ್ ಬಳಸುತ್ತಿದ್ದದ್ದು ಅಪರೂಪಕ್ಕೆ. ಮೆದುಳಿನ ಈ ಭಾಗದಲ್ಲಿ ಸ್ಟ್ರೋಕ್ ಆದ ಮೇಲೆ ಮನೆಮಾತೇ ಹೆಚ್ಚು ಕೆಟ್ಟಿತು, ಬಾಯಿಗೆ ಬರುತ್ತಿದ್ದದ್ದು ಇಟಾಲಿಯನ್! ರೂಢಿಯಿಂದ ತಾನಾಗೇ ಬರುವ ಮಾತಿಗೆ ಈ ಜಾಗ ಬೇಕು, ಶಾಲೆಯಲ್ಲಿ ಕಲಿತ ಭಾಷೆಗೆ ಅಷ್ಟಾಗಿ ಬೇಡ ಅನ್ನುವುದು ಒಂದು ವಿವರಣೆ.

ಆದರೆ ಎಲ್ಲ ತಪ್ಪನ್ನೂ ಆಳದ ಭಾಗದ ತಲೆಗೆ ಕಟ್ಟಬೇಡಿ. ಎಷ್ಟೋ ಸಲ ದೊಡ್ಡ ರಕ್ತನಾಳ ಕಟ್ಟಿಕೊಂಡು ಮೇಲಿನ ಹೊರಪದರಕ್ಕೂ ರಕ್ತ ಕಡಿಮೆಯಾಗಿರುತ್ತದೆ. ಸಾಮಾನ್ಯ ಸ್ಕ್ಯಾನ್‌ನಲ್ಲಿ ಅದು ಕಾಣದೇ ಇರಬಹುದು. ಬೇಗ ರಕ್ತ ಹರಿಯುವಂತಾದರೆ, ಆಳದ ಗಾಯ ಹಾಗೇ ಇದ್ದರೂ ಮಾತು ಮರಳಿದ ಉದಾಹರಣೆಗಳಿವೆ.