ಕಾದ ಶೀಟಿನ ಮೇಲೆ ಬಿದ್ದ ಐಸು

ಪ್ರಶ್ನೆ: ಸರ್, ನಮ್ಮದು ಸೋಮವಾರಪೇಟೆ ಹತ್ತಿರ ಸಣ್ಣ ಕಾಫಿ ತೋಟ. ಮಾರ್ಚ್‌ನಲ್ಲಿ ಹೂಮಳೆ ಚೆನ್ನಾಗಿ ಆಯ್ತು. ಹೂವೂ ಚೆನ್ನಾಗಿ ಬಂತು. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಮಳೆ ಜೊತೆಗೆ ಆಲಿಕಲ್ಲು ಬಿದ್ದು ಎಳೆ ಕಾಯಿ, ಚಿಗುರು ಎಲ್ಲ ಉದುರಿತು. ಜುಲೈನಲ್ಲಿ ಹಗಲು ರಾತ್ರಿ ಸುರಿಯುವಾಗ, ಒಲೆ ಮುಂದೆ ಕೂರುವಷ್ಟು ಚಳಿ ಇರುವಾಗ, ಒಂದು ಆಲಿಕಲ್ಲೂ ಬೀಳುವುದಿಲ್ಲ. ಶೀಟು ಕಾದು ಮುಟ್ಟಲಾಗದ ಬೇಸಿಗೆಯಲ್ಲಿ ಬೀಳುತ್ತದೆ. ಇದ್ಯಾವ ಲೆಕ್ಕ?

ಉತ್ತರ: ಒಂದು ವರ್ಷದ ಫಸಲು ಹತ್ತು ನಿಮಿಷದಲ್ಲಿ ನೆಲಕ್ಕೆ ಬೀಳುವುದನ್ನು ನೋಡುವ ಸಂಕಟ ನನಗೆ ಗೊತ್ತು. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಶೀಟು ಕಾಯುತ್ತದೆ ಅಂದಿರಲ್ಲ, ಅದೇ ಕಾರಣ.

ಚಳಿ ಮೇಲೆ ಯಾವಾಗಲೂ ಇದೆ. ನೆಲದಿಂದ ಮೇಲೆ ಹೋದ ಹಾಗೆ ಪ್ರತಿ ಕಿಲೋಮೀಟರಿಗೆ ಸುಮಾರು 6ರಿಂದ 7 ಡಿಗ್ರಿ ಕಮ್ಮಿಯಾಗುತ್ತದೆ. ಬೇಸಿಗೆ ಇರಲಿ, ಮಳೆಗಾಲ ಇರಲಿ, ನಮ್ಮ ಕಡೆ ಸಮುದ್ರಮಟ್ಟದಿಂದ ಸುಮಾರು 5 ಕಿಲೋಮೀಟರ್ ಮೇಲೆ ಸೊನ್ನೆ ಡಿಗ್ರಿ ಸಿಗುತ್ತದೆ. ಹಾಗಾಗಿ ಚಳಿಗೆ ಬರವಿಲ್ಲ. ನೀರನ್ನು ಅಲ್ಲಿಗೆ ಹೊತ್ತುಕೊಂಡು ಹೋಗಿ, ಅಲ್ಲೇ ಹಿಡಿದು ನಿಲ್ಲಿಸುವ ಗಾಳಿ ಬೇಕು. ಏಪ್ರಿಲ್ ಬಿಸಿಲಿಗೆ ನೆಲ ಕಾಯುತ್ತದೆ, ನೆಲಕ್ಕೆ ತಾಗಿದ ಗಾಳಿ ಕಾದು ಹಗುರಾಗಿ ಮೇಲಕ್ಕೆ ನುಗ್ಗುತ್ತದೆ, ಅದರಲ್ಲಿದ್ದ ನೀರಾವಿ ತಣ್ಣಗಾಗಿ ಹನಿಯಾಗುವಾಗ ಇನ್ನಷ್ಟು ಶಾಖ ಬಿಡುತ್ತದೆ, ಆ ಶಾಖಕ್ಕೆ ಗಾಳಿ ಇನ್ನೂ ಜೋರಾಗಿ ಏರುತ್ತದೆ. ಮಧ್ಯಾಹ್ನ ಎರಡು ಮೂರು ಗಂಟೆಗೆ ಬೆಟ್ಟದ ಹಿಂದಿನಿಂದ ಹೂಕೋಸಿನ ಹಾಗೆ ಎದ್ದು ನಿಲ್ಲುವ ಬಿಳಿ ಮೋಡ ನೋಡಿರುತ್ತೀರಲ್ಲ, ಅದೇ. ಅದರ ತಲೆ 12 ಕಿಲೋಮೀಟರ್‌ಗಿಂತ ಎತ್ತರ ಹೋಗಬಹುದು.

ಒಂದು ಸೆಂಟಿಮೀಟರ್ ಅಗಲದ ಆಲಿಕಲ್ಲು ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಕೆಳಗಿಳಿಯುತ್ತದೆ. ಅಂಥದ್ದನ್ನು ಮೇಲೆ ತಡೆದು ನಿಲ್ಲಿಸಬೇಕಾದರೆ ಕೆಳಗಿನಿಂದ ಅಷ್ಟೇ ವೇಗದ ಗಾಳಿ ಒತ್ತುತ್ತಿರಬೇಕು. ದೊಡ್ಡ ಕಲ್ಲಿಗೆ ಇನ್ನೂ ಜಾಸ್ತಿ ಬೇಕು.

ಇನ್ನೊಂದು ವಿಷಯ, ನನಗೆ ಬಹಳ ಇಷ್ಟವಾದದ್ದು. ಸೊನ್ನೆ ದಾಟಿದ ಕೂಡಲೇ ನೀರು ಗಟ್ಟಿಯಾಗಲೇಬೇಕು ಅಂತಿಲ್ಲ. ಮೋಡದ ಸಣ್ಣ ಹನಿಗಳು ಮೈನಸ್ 10, ಮೈನಸ್ 20ರಲ್ಲೂ ನೀರಾಗಿಯೇ ಇರಬಲ್ಲವು. ಐಸಿನ ಹರಳು ಶುರುವಾಗಲು ಒಂದು ಆಸರೆ ಬೇಕು. ಸಾಮಾನ್ಯವಾಗಿ ಅದು ಮಣ್ಣಿನ ಧೂಳು. ಹೆಪ್ಪು ಹಾಕದೆ ಹಾಲು ಮೊಸರಾಗುತ್ತದಾ? ಸುಮಾರು ಹಾಗೇ. ಧೂಳೇ ಇಲ್ಲದ ಶುದ್ಧ ಹನಿ ಮೈನಸ್ 38ರ ಹತ್ತಿರದವರೆಗೂ ತಾಳುತ್ತದೆ. ಹೀಗೆ ಕಾಯುತ್ತಿರುವ ಹನಿಗಳ ನಡುವೆ ಒಂದು ಐಸಿನ ಕಾಳು ಬಂದರೆ, ಮುಟ್ಟಿದ ಹನಿಯೆಲ್ಲ ಅದಕ್ಕೆ ಅಂಟಿ ಗಟ್ಟಿಯಾಗುತ್ತದೆ. ಕಾಳು ಕಲ್ಲಾಗುತ್ತದೆ. ಗಾಳಿ ಹೊರಲಾರದಷ್ಟು ಭಾರವಾದಾಗ ನಿಮ್ಮ ತೋಟದ ಮೇಲೆ ಬೀಳುತ್ತದೆ.

ಜುಲೈ ಕಥೆ ಬೇರೆ. ಆಗ ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟ ಹತ್ತಿ ಬರುತ್ತದೆ. ದಿನಗಟ್ಟಲೆ ಬಿಸಿಲಿಲ್ಲ, ನೆಲ ಕಾಯುವುದಿಲ್ಲ, ಮೋಡದೊಳಗೆ ಗಾಳಿ ಮೆಲ್ಲಗೆ ಏರುತ್ತದೆ. ಹನಿಗೆ ಹನಿ ಡಿಕ್ಕಿ ಹೊಡೆದು ದೊಡ್ಡದಾಗಿ, ಐಸಿನ ಎತ್ತರ ಮುಟ್ಟುವ ಮೊದಲೇ ಎಷ್ಟೋ ನೀರು ಮಳೆಯಾಗಿ ಇಳಿದುಬಿಡುತ್ತದೆ. ಭಾಗಮಂಡಲದಲ್ಲಿ ವಾರಗಟ್ಟಲೆ ಬಿಡದೆ ಸುರಿಯುವುದು ಹೆಚ್ಚಾಗಿ ಇಂಥ ಮಳೆ. ಮೇಲೆ ಐಸು ಆದರೂ ಸಣ್ಣದು, ಬರುವ ದಾರಿಯಲ್ಲಿ ಕರಗುತ್ತದೆ. ಬೇಸಿಗೆಯಲ್ಲಿ ಕೆಳಗಿನ ಗಾಳಿ ಒಣಗಿರುತ್ತದೆ. ಬೀಳುವ ಕಲ್ಲಿನ ಮೈಮೇಲಿನ ನೀರು ಆರುತ್ತಾ, ಮಣ್ಣಿನ ಹೂಜಿಯ ಹಾಗೆ, ಕಲ್ಲನ್ನು ತಂಪಾಗಿ ಇಡುತ್ತದೆ. ಅದಕ್ಕೇ ಅದು ನೆಲದವರೆಗೂ ಉಳಿಯುತ್ತದೆ.

ಒಮ್ಮೆ ನಮ್ಮ ಮನೆ ಅಂಗಳದಲ್ಲಿ ನಿಂಬೆಹಣ್ಣಿಗಿಂತ ಸ್ವಲ್ಪ ಚಿಕ್ಕ ಕಲ್ಲು ಬಿತ್ತು. ಚಿಕ್ಕಮ್ಮ ಸ್ಟೀಲ್ ಬಟ್ಟಲಲ್ಲಿ ಎತ್ತಿಟ್ಟರು. ನಾನು ಚಾಕುವನ್ನು ಬಿಸಿನೀರಲ್ಲಿ ಅದ್ದಿ ನಡುವೆ ಕೊಯ್ದೆ. ಒಳಗೆ ಈರುಳ್ಳಿ ಹಾಗೆ ಸುತ್ತು. ನಟ್ಟನಡುವೆ ಹಾಲಿನಂಥ ಬಿಳಿ ಚುಕ್ಕೆ, ಅದರ ಸುತ್ತ ಗಾಜಿನಂಥ ಒಂದು ಪದರ, ಮತ್ತೆ ಬಿಳಿ, ಮತ್ತೆ ಗಾಜು. ಬಿಳಿ ಪದರವನ್ನು ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಗುಳ್ಳೆಗಳು. ಹನಿ ಮುಟ್ಟಿದ ಕ್ಷಣದಲ್ಲೇ ಗಟ್ಟಿಯಾದರೆ ಗಾಳಿ ಸಿಕ್ಕಿಹಾಕಿಕೊಂಡು ಬಿಳಿಯಾಗುತ್ತದೆ. ನೀರು ಜಾಸ್ತಿ ಸಿಕ್ಕಿ ನಿಧಾನವಾಗಿ ಗಟ್ಟಿಯಾದರೆ ಗುಳ್ಳೆಗೆ ಹೊರಗೆ ಹೋಗಲು ಸಮಯ ಸಿಗುತ್ತದೆ, ಪದರ ತಿಳಿಯಾಗುತ್ತದೆ. ಮೋಡದೊಳಗೆ ಆ ಕಲ್ಲು ಎಂಥೆಂಥ ಜಾಗ ಹಾದು ಬಂತು ಅನ್ನುವುದೆಲ್ಲ ಅಲ್ಲಿ ಬರೆದಿತ್ತು. ಸ್ವಲ್ಪ ಹೊತ್ತಿನಲ್ಲಿ ಬಟ್ಟಲಲ್ಲಿ ನೀರಾಯಿತು.

ಪ್ರಶ್ನೆ: ಮಡಿಕೇರಿಯಲ್ಲಿ ಮಂಜು ಅಂತೀವಿ. ಹಿಮಾಲಯದಲ್ಲೂ ಮಂಜು ಬಿತ್ತು ಅಂತ ಟಿವಿಯಲ್ಲಿ ಹೇಳ್ತಾರೆ. ಎರಡೂ ಒಂದೇನಾ? (ಮಡಿಕೇರಿ)

ಉತ್ತರ: ಹೆಸರು ಮಾತ್ರ ಒಂದೇ. ರಾಜಾಸೀಟ್‌ನಲ್ಲಿ ನಿಂತಾಗ ಮುಖಕ್ಕೆ ತಾಗುವ ಮಂಜು ನೀರಿನ ಹನಿ. ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿದರೆ ಒಂದೆರಡು ಭಾಗದಷ್ಟು ದೊಡ್ಡದು, ಅಷ್ಟೇ. ಅಷ್ಟು ಹಗುರ ಅಂತಲೇ ತೇಲುತ್ತದೆ. ಅಲ್ಲಿ ಐಸು ಇಲ್ಲ. ಹಿಮಾಲಯದಲ್ಲಿ ಬೀಳುವುದು ಹಿಮ. ಅದು ಹರಳು. ನೀರಾವಿ ಹನಿಯಾಗದೆ ನೇರವಾಗಿ ಹರಳಿನ ಮೇಲೆ ಕೂತು ಬೆಳೆಯುವುದರಿಂದ ಆರು ಮೂಲೆಯ, ಆರು ಕೈಯ ಆಕಾರ ಬರುತ್ತದೆ. ಊಟಿಯಲ್ಲಿ ಜನವರಿ ಬೆಳಗ್ಗೆ ಹುಲ್ಲಿನ ಮೇಲೆ ಬಿಳಿಯಾಗಿ ಕಾಣುವುದು ಮೂರನೆಯದು. ಮೋಡವಿಲ್ಲದ ರಾತ್ರಿ ನೆಲ ಶಾಖ ಕಳೆದುಕೊಂಡು ಸೊನ್ನೆಗಿಂತ ಕೆಳಗಿಳಿದಾಗ ಆವಿ ಅಲ್ಲೇ ಐಸಾಗಿ ಕೂರುತ್ತದೆ. ಮಡಿಕೇರಿಯ ರಾತ್ರಿ ಸಾಮಾನ್ಯವಾಗಿ ಅಷ್ಟು ತಣ್ಣಗಾಗುವುದಿಲ್ಲ. ನಮ್ಮ ಹುಲ್ಲಿನ ಮೇಲೆ ಇಬ್ಬನಿ ಮಾತ್ರ.

ಪ್ರಶ್ನೆ: ಆಲಿಕಲ್ಲಿನ ನೀರನ್ನು ಬಾಟಲಿಯಲ್ಲಿ ಇಟ್ಟರೆ ಔಷಧಿ ಅಂತ ಅಜ್ಜಿ ಹೇಳ್ತಾರೆ. ನಿಜಾನಾ? (ಗೋಣಿಕೊಪ್ಪ)

ಉತ್ತರ: ಔಷಧಿ ಅಲ್ಲ. ಮಳೆನೀರೇ, ಜೊತೆಗೆ ಸ್ವಲ್ಪ ಧೂಳು. ನೆಲದಿಂದ ಹೆಕ್ಕಿದ್ದನ್ನು ಕುಡಿಯಬೇಡಿ.

ಪ್ರಶ್ನೆ: ಅಂಕಲ್, ನಾನು ಎಂಟನೇ ಕ್ಲಾಸ್. ಗಟ್ಟಿ ವಸ್ತು ಭಾರ ಇರಬೇಕಲ್ವಾ? ಐಸ್ ಯಾಕೆ ನೀರಲ್ಲಿ ತೇಲುತ್ತೆ? (ಕುಶಾಲನಗರ)

ಉತ್ತರ: ಒಳ್ಳೇ ಪ್ರಶ್ನೆ ಮರೀ. ತುಪ್ಪ ನೋಡು. ಗಟ್ಟಿ ತುಪ್ಪ ಕರಗಿದ ತುಪ್ಪದಲ್ಲಿ ಮುಳುಗುತ್ತದೆ. ಹೆಚ್ಚಿನ ವಸ್ತುಗಳು ಹಾಗೇ. ನೀರು ಬೇರೆ. ಐಸಾಗುವಾಗ ನೀರಿನ ಒಂದೊಂದು ಅಣುವೂ ಸುತ್ತಲಿನ ನಾಲ್ಕು ಅಣುಗಳ ಕೈ ಹಿಡಿದು, ನಡುವೆ ಖಾಲಿ ಜಾಗ ಬಿಟ್ಟು ನಿಲ್ಲುತ್ತದೆ, ಜೇನುಗೂಡಿನ ಹಾಗೆ. ನೀರಾಗಿದ್ದಾಗ ಇನ್ನೂ ಒತ್ತೊತ್ತಾಗಿ ಇರುತ್ತವೆ. ಒಂದು ಲೀಟರ್ ನೀರು ಸುಮಾರು 1000 ಗ್ರಾಂ ತೂಗಿದರೆ ಒಂದು ಲೀಟರ್ ಐಸು ಸುಮಾರು 917 ಗ್ರಾಂ. ಅದಕ್ಕೇ ತೇಲುತ್ತದೆ.

ಇದರಿಂದ ಮೀನುಗಳು ಬದುಕುತ್ತವೆ, ಗೊತ್ತಾ? ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ಕಾಶ್ಮೀರದ ದಾಲ್ ಸರೋವರದಂಥ ಕಡೆ ಚಳಿ ಜೋರಾದಾಗ 4 ಡಿಗ್ರಿಯ ನೀರು ತಳಕ್ಕೆ ಹೋಗುತ್ತದೆ, ಅದಕ್ಕಿಂತ ತಣ್ಣಗಿನದು ಮೇಲೆ ಉಳಿದು ಐಸಾಗುತ್ತದೆ. ಆ ಐಸು ಕಂಬಳಿ ಹೊದಿಸಿದ ಹಾಗೆ ಕೆಳಗಿನ ನೀರನ್ನು ಕಾಯುತ್ತದೆ. ತಳದಿಂದ ಹೆಪ್ಪುಗಟ್ಟುವ ಹಾಗಿದ್ದರೆ ಕೆರೆ ಪೂರ್ತಿ ಗಟ್ಟಿಯಾಗಿಬಿಡುತ್ತಿತ್ತು.

ಮನೆಯಲ್ಲೇ ನೋಡಬಹುದು. ಒಂದು ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ನೀರು ಹಾಕಿ, ನೀರಿನ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಎಳೆದು, ಮುಚ್ಚಳ ಸಡಿಲ ಬಿಟ್ಟು ರಾತ್ರಿ ಫ್ರೀಜರ್‌ನಲ್ಲಿಡು. ಬೆಳಗ್ಗೆ ಐಸು ಗೆರೆಗಿಂತ ಮೇಲಿರುತ್ತದೆ. ಗಾಜಿನ ಬಾಟಲಿ ಇಡಬೇಡ, ಒಡೆಯುತ್ತದೆ. ಎಷ್ಟು ಮೇಲೆ ಬಂತು ಅಂತ ಸ್ಕೇಲಿನಲ್ಲಿ ಅಳೆದು ನನಗೆ ಬರೆದು ಕಳಿಸು.